ಬಾಡಿಗೆ ಜೀಪಿನಲ್ಲಿ ಕುದುರೆಮುಖ

ಪರೀಕ್ಷೆ ಮುಗಿಸಿದ ಮಕ್ಕಳೊಂದಿಗೆ ಕುದುರೆಮುಖಕ್ಕೆ ಹೊರಟಿದ್ದೀರಾ? ಉಣ್ಣಲು, ಮಲಗಲು ಅನುಕೂಲವಿರುವ ದೊಡ್ಡ ವ್ಯಾನು ಈ ಘಾಟಿಯ ತಿರುವುಗಳಿಗೆ ಹೇಳಿದ್ದಲ್ಲ. ಕಳಸದಲ್ಲಿ ಜೀಪು ಹಿಡಿಯುವುದೇ ಸರಿ. ಬಾಡಿಗೆ ಚೌಕಾಸಿಗೆ ಮೊದಲು ನಂಬರ್ ಪ್ಲೇಟು ನೋಡಿ. ಹಳದಿ ಹಲಗೆಯ ಮೇಲೆ ಕಪ್ಪು ಅಕ್ಷರವಿದ್ದರೆ ಅದು ಬಾಡಿಗೆಯ ಗಾಡಿ. ಬಿಳಿ ಹಲಗೆಯ ಖಾಸಗಿ ಜೀಪಿನಲ್ಲಿ ನೂರಿನ್ನೂರು ಉಳಿಯಬಹುದು. ಅಪಘಾತವಾದರೆ ಮಾತ್ರ ವಿಮೆಯವರು ತಕರಾರು ತೆಗೆಯಬಹುದು. ಹಿಂದಿನ ಸೀಟಿಗೆ ಹತ್ತು ಮಂದಿಯನ್ನು ತುರುಕುವ ಆಸೆಯೂ ಬೇಡ.

ಊರಿನ ಕಥೆಯನ್ನು ದಾರಿಯಲ್ಲೇ ಹೇಳಿ. 1976ರಲ್ಲಿ ಸ್ಥಾಪನೆಯಾದ ಕಬ್ಬಿಣದ ಅದಿರು ಕಂಪನಿಗಾಗಿ ಎದ್ದ ಪಟ್ಟಣವಿದು. ಅದಿರನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, ಸುಮಾರು 67 ಕಿ.ಮೀ. ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಭೂಗೋಳದ ಪಾಠಕ್ಕೆ ಇದಕ್ಕಿಂತ ಬೇಕೆ! 1987ರಲ್ಲಿ ಸುತ್ತಲ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಭದ್ರೆಯ ನೀರಿಗೆ ಅದು ಒಳ್ಳೆಯದೇ ಆಯಿತು. ಆದರೆ ಕೆಲಸದ ಜೊತೆ ಜನರೂ ಹೋದರು. ಖಾಲಿ ಕ್ವಾರ್ಟರ್ಸುಗಳನ್ನು ಹಾದುಹೋಗುವಾಗ, ನೀವಾಗಿದ್ದರೆ ಏನು ತೀರ್ಪು ಕೊಡುತ್ತಿದ್ದಿರಿ ಎಂದು ಮಕ್ಕಳನ್ನು ಕೇಳಿ. ಉತ್ತರ ಹೇಳಿಕೊಡಬೇಡಿ.

ಉದ್ಯಾನದ ರಸ್ತೆಯಲ್ಲಿ ಕಂಡಲ್ಲೆಲ್ಲ ಇಳಿದು ಬುತ್ತಿ ಬಿಚ್ಚುವಂತಿಲ್ಲ. ಶಿಖರ ಹತ್ತುವವರಿಗೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಬೇಕು. ಸಂಸೆ ಕಡೆಯಿಂದ ಮುಳ್ಳೋಡಿಯವರೆಗೆ ಜೀಪು ಹೋಗುತ್ತದೆ, ಮುಂದಿನದೆಲ್ಲ ಕಾಲ್ನಡಿಗೆ.