ಕಪ್ಪೆಚಿಪ್ಪಿಗೆ ಹಸಿರು ನೀರೇ ಮೇವು

ಗಾಜಿನ ತೊಟ್ಟಿಯಲ್ಲಿ ಮೀನಿನ ಜೊತೆ ಜೀವಂತ ಕಪ್ಪೆಚಿಪ್ಪು ಬಿಡುವ ರೂಢಿ ಈಗ ನಮ್ಮ ನಾಗಸಂದ್ರದ ಕಡೆಗೂ ಬಂದಿದೆ. ಮೊದಲು ಪೀಣ್ಯದ ಕಾರ್ಖಾನೆ ಬಂತು, 2015ರಲ್ಲಿ ಮೆಟ್ರೋ ಬಂತು. ರಾಗಿ, ಅವರೆ ಬೆಳೆಯುತ್ತಿದ್ದ ಬೆದ್ದಲು ಸೈಟುಗಳಾದವು. ಮಕ್ಕಳು ಮನೆಯೊಳಗೇ ಮೀನು ಸಾಕಿ ನೋಡ್ತಾರೆ ಅಂದರೆ ನನ್ನ ತಕರಾರಿಲ್ಲ, ಸಂತೋಷವೇ. ಆದರೆ "ಒಂದು ಕಪ್ಪೆಚಿಪ್ಪು ಬಿಡಿ, ನೀರು ತಾನೇ ತಿಳಿಯಾಗುತ್ತೆ, ಮೇವು ಹಾಕೋದೂ ಬೇಡ" ಅಂತ ಹೇಳಿ ಮಾರುವ ಮಾತು ಅರ್ಧ ಸತ್ಯ. ಅದರಿಂದ ಚಿಪ್ಪೂ ಸಾಯುತ್ತದೆ, ಮೀನೂ ಸಾಯುತ್ತದೆ, ಕೆರೆಯೂ ಬರಿದಾಗುತ್ತದೆ.

ಸತ್ಯದ ಅರ್ಧ ಯಾವುದು? ಕಪ್ಪೆಚಿಪ್ಪು ಮರಳಲ್ಲಿ ಅರ್ಧ ಹೂತುಕೊಂಡು, ಒಂದು ಕಂಡಿಯಿಂದ ನೀರು ಎಳೆದು ಇನ್ನೊಂದರಿಂದ ಬಿಡುತ್ತದೆ. ದಿನಕ್ಕೆ ಹಲವು ಲೀಟರ್ ನೀರು ಅದರ ಕಿವಿರಿನ ಮೂಲಕ ಹಾಯುತ್ತದೆ. ನೀರಲ್ಲಿ ತೇಲುವ ಕಣ್ಣಿಗೆ ಕಾಣದ ಪಾಚಿಯನ್ನು ಸೋಸಿ ತಿನ್ನುತ್ತದೆ. ನೀರು ತಿಳಿಯಾಗುವುದು ನಿಜ.

ಉಳಿದ ಅರ್ಧ ಏನೆಂದರೆ, ಆ ಹಸಿರೇ ಅದರ ಹೊಟ್ಟೆಪಾಡು. ಹುಲ್ಲೆಲ್ಲ ಮೇಯ್ದು ಮುಗಿದ ಗೋಮಾಳದಲ್ಲಿ ದನ ಕಟ್ಟಿ, ಗೋಮಾಳ ಎಷ್ಟು ಚೊಕ್ಕಟವಾಗಿದೆ ಅಂತ ಹೊಗಳಿದ ಹಾಗಾಯಿತು. ತಿಳಿನೀರಲ್ಲಿ ಅದಕ್ಕೆ ಉಪವಾಸ. ಕರು ಹಸಿದರೆ ಕೂಗುತ್ತದೆ, ಇದು ಕೂಗುವುದಿಲ್ಲ. ಮೈಯಲ್ಲಿರುವುದನ್ನೇ ಕರಗಿಸಿಕೊಂಡು ತಿಂಗಳುಗಟ್ಟಲೆ ಇದ್ದು ಸಾಯುತ್ತದೆ. ಮನೆಯವರು ಚೆನ್ನಾಗಿದೆ ಅಂದುಕೊಂಡೇ ಇರ್ತಾರೆ. ಮೀನಿಗೆ ಹಾಕುವ ಗುಳಿಗೆ ಇದರ ಬಾಯಿಗೆ ಹೋಗುವಂಥದ್ದಲ್ಲ.

ಸತ್ತ ಮೇಲೆ ಮೀನಿನ ಸರದಿ. ಮರಳೊಳಗೆ ಚಿಪ್ಪಿನ ಮಾಂಸ ಕೊಳೆತು ಅಮೋನಿಯಾ ಏಳುತ್ತದೆ, ನೀರಿನ ಆಮ್ಲಜನಕ ಇಳಿಯುತ್ತದೆ. 2016ರ ಮಾರ್ಚಿಯಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಆಮ್ಲಜನಕ ಇಳಿದು ಸಾವಿರಾರು ಮೀನು ಸತ್ತು ತೇಲಿದವು. ಅಷ್ಟು ದೊಡ್ಡ ಕೆರೆಯೇ ತಡೆಯಲಿಲ್ಲ, ಇನ್ನು ಎರಡಡಿ ತೊಟ್ಟಿ ಯಾವ ಲೆಕ್ಕ?

ಆದರೂ ಸಾಕಲೇಬೇಕು ಅನ್ನುವವರು ಇಷ್ಟು ಮಾಡಿ. ತೊಟ್ಟಿ ದೊಡ್ಡದಿರಲಿ, ಚಿಪ್ಪು ಒಂದೋ ಎರಡೋ ಸಾಕು. ತಳದಲ್ಲಿ ಮೂರು ನಾಲ್ಕು ಬೆರಳು ದಪ್ಪ ನಯವಾದ ಮರಳು ಹಾಕಿ, ಜಲ್ಲಿ ಬೇಡ. ಹಿತ್ತಲಲ್ಲಿ ಬಿಸಿಲಿಗೆ ಒಂದು ಬಕೆಟ್ ನೀರು ಇಡಿ. ಹಸಿರು ತಿರುಗಿದ ಮೇಲೆ ಆಗಾಗ ಒಂದು ಚೊಂಬು ತಂದು ತೊಟ್ಟಿಗೆ ಸುರಿಯಿರಿ. ಅದೇ ಮೇವು. ಗಪ್ಪಿಯಂಥ ಸಣ್ಣ ಸಾಧು ಮೀನು ಜೊತೆಗಿರಲಿ. ಚಿಪ್ಪಿನ ಬಾಯಿ ಕುಕ್ಕುವ, ಮರಳು ಕೆದಕುವ ಜಾತಿ ಬೇಡ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಟ್ಟು ಹಾಕಿ. ಬರೀ ಆರ್‌ಓ ನೀರಲ್ಲಿ ಸುಣ್ಣದ ಅಂಶ ಇರುವುದಿಲ್ಲ, ಚಿಪ್ಪು ಸವೆಯುತ್ತದೆ.

ದಿನವೂ ಒಮ್ಮೆ ನೋಡಿ. ಬದುಕಿದ್ದರೆ ಮುಟ್ಟಿದ ತಕ್ಷಣ ಬಾಯಿ ಮುಚ್ಚುತ್ತದೆ. ಮುಟ್ಟಿದರೂ ಬಾಯಿ ತೆರೆದೇ ಇದ್ದರೆ ಸತ್ತಿದೆ, ಆಗಲೇ ತೆಗೆದು ಅರ್ಧ ನೀರು ಬದಲಿಸಿ.

ಮೀನಿಗೆ ರೋಗ ಬಂತು ಅಂತ ತಾಮ್ರ ಇರುವ ಔಷಧ ಹಾಕಿದರೆ ಚಿಪ್ಪು ಉಳಿಯುವುದಿಲ್ಲ. ನಾವು ಬೋರ್ಡೋ ದ್ರಾವಣಕ್ಕೆ ಹಾಕುವ ಮೈಲುತುತ್ತವೂ ತಾಮ್ರವೇ. ಸ್ಪ್ರೇ ಮಾಡಿದ ಡ್ರಮ್ಮು ಕೆರೆಯಲ್ಲಿ ತೊಳೆಯುವ ರೈತರೂ ಇದನ್ನು ನೆನಪಿಡಬೇಕು.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಪೀಣ್ಯದ ಸುತ್ತಲ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಪರೀಕ್ಷೆಗಳಲ್ಲಿ ಕಂಡಿದೆ. ಕಪ್ಪೆಚಿಪ್ಪು ನೀರಿನ ಜೊತೆ ಬಂದ ಇಂಥ ಲೋಹವನ್ನು ಮೈಯಲ್ಲೇ ಕೂಡಿಟ್ಟುಕೊಳ್ಳುತ್ತದೆ. ಇಲ್ಲಿಯ ಬೋರ್ ನೀರನ್ನು ಪರೀಕ್ಷೆ ಮಾಡಿಸದೆ ತೊಟ್ಟಿಗೆ ಹಾಕಬೇಡಿ. ಕಾರ್ಖಾನೆ ನೀರು ಸೇರುವ ಕೆರೆಯ ಚಿಪ್ಪು ತಿನ್ನಲೂ ಬೇಡಿ.

ಈಗ ನನ್ನ ಮುಖ್ಯ ಮಾತು. ಗಾಜಿನ ತೊಟ್ಟಿಗೆ ಬರುವ ನಾಡಚಿಪ್ಪು ಹುಟ್ಟಿದ್ದು ಎಲ್ಲಿ? ಯಾವುದೋ ಊರಿನ ಕೆರೆಯಲ್ಲಿ. ಅದರ ಮರಿ ಕಣ್ಣಿಗೆ ಕಾಣದಷ್ಟು ಸಣ್ಣದು. ಹುಟ್ಟಿದ ಮೇಲೆ ಮೀನಿನ ಕಿವಿರಿಗೋ ರೆಕ್ಕೆಗೋ ಕಚ್ಚಿಕೊಂಡು ಕೆಲವು ವಾರ ಬೆಳೆದು, ಆಮೇಲೆ ಕೆಸರಿಗೆ ಉದುರಿ ಚಿಪ್ಪಾಗಬೇಕು. ಮೀನಿಲ್ಲದೆ ಚಿಪ್ಪಿನ ಸಂತಾನವಿಲ್ಲ. ಚಿಪ್ಪು ಸೋಸಿದ ನೀರು ಮೀನಿಗೂ ಹಿತ. ಕೆರೆಯಲ್ಲಿ ಈ ಕೊಡು-ಕೊಳ್ಳು ನಡೆಯುತ್ತದೆ, ಗಾಜಿನ ತೊಟ್ಟಿಯಲ್ಲಿ ಮರಿ ಉಳಿಯುವುದು ಬಲು ಅಪರೂಪ. ಹಾಗಾಗಿ ಸತ್ತ ಒಂದೊಂದು ಚಿಪ್ಪಿನ ಬದಲಿಗೂ ಮತ್ತೆ ಕೆರೆಗೇ ಕೈಹಾಕಬೇಕು. ಹಳ್ಳಿಯ ಹುಡುಗರು ನಾಲ್ಕು ಕಾಸಿಗೆ ಚೀಲಗಟ್ಟಲೆ ಜೀವಂತ ಚಿಪ್ಪು ಆಯ್ದು ಕೊಡುವುದನ್ನು ನಾವೇ ತಡೆಯಬೇಕು. ಸತ್ತ ಬರೀ ಚಿಪ್ಪನ್ನು ಆಯ್ದರೆ ದೋಷವಿಲ್ಲ; ಹಿರಿಯರು ಅದನ್ನೇ ಸುಟ್ಟು ಸುಣ್ಣ ಮಾಡುತ್ತಿದ್ದರು.

ಮುತ್ತು ಬೆಳೆಯುವವರೂ ಗಾಜಿನ ತೊಟ್ಟಿಯ ತಿಳಿನೀರನ್ನು ನಂಬುವುದಿಲ್ಲ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ತೋರಿಸಿಕೊಟ್ಟ ಕ್ರಮದಲ್ಲಿ ಚಿಪ್ಪನ್ನು ಬಲೆಚೀಲದಲ್ಲಿಟ್ಟು ಹಸಿರು ನೀರಿನ ಕೊಳದಲ್ಲಿ ಇಳಿಬಿಡುತ್ತಾರೆ. ಆ ಸಂಸ್ಥೆಯ ಪ್ರಾದೇಶಿಕ ಕೇಂದ್ರ ನಮ್ಮ ಹತ್ತಿರದ ಹೆಸರಘಟ್ಟದಲ್ಲೇ ಇದೆ. ಆಸಕ್ತಿ ಇರುವವರು ಮಾರುವವನ ಮಾತಿಗಿಂತ ಮೊದಲು ಅಲ್ಲಿ ವಿಚಾರಿಸುವುದು ಒಳ್ಳೆಯದು. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಲ್ಲಿ ಪ್ಲಾಸ್ಟಿಕ್ ಹಾಸಿದ ಹೊಂಡ ಮಾಡಿಸಿದವರು ಗಮನಿಸಿ: ಹೂತುಕೊಳ್ಳಲು ಮಣ್ಣಿಲ್ಲದ, ಬೇಸಿಗೆಗೆ ಬತ್ತುವ ಹೊಂಡ ಚಿಪ್ಪಿಗೆ ಮನೆಯಲ್ಲ.

ಬೇಜಾರಾಯಿತು ಅಂತ ಅಂಗಡಿಯಿಂದ ತಂದ ಚಿಪ್ಪು, ಮೀನನ್ನು ಕೆರೆಗೆ ಸುರಿಯುವುದೂ ತಪ್ಪೇ. ಹೀಗೆ ಬಿಟ್ಟ ಸಕ್ಕರ್ ಮೀನು ದೇಶದ ಹಲವು ಕೆರೆಗಳಲ್ಲಿ ತುಂಬಿಕೊಂಡು ಬಲೆ ಹರಿಯುತ್ತಿದೆ.

ಹಸಿರು ನೀರು ಒದಗಿಸುವ ತಾಳ್ಮೆ ಇದ್ದವರು ಸಾಕಲಿ. ಇಲ್ಲದವರು ಮಕ್ಕಳನ್ನು ಒಂದು ಭಾನುವಾರ ಕೆರೆ ಅಂಚಿಗೆ ಕರಕೊಂಡು ಹೋಗಿ, ಕೆಸರಲ್ಲಿ ಚಿಪ್ಪು ನಡೆದ ಗೆರೆ ತೋರಿಸಲಿ. ಖರ್ಚೂ ಇಲ್ಲ, ಪಾಪವೂ ಇಲ್ಲ.

— ಬೆದ್ದಲು ರೈತ, ನಾಗಸಂದ್ರ