ಸೇತುವೆಗಳ ಅಂಕಪಟ್ಟಿ

ಪಾಠಶಾಲೆಯಿಂದ ಮಕ್ಕಳು ತರುವ ಅಂಕಪಟ್ಟಿಯನ್ನು ನೋಡಿ ಹಿಗ್ಗುವುದೋ ಹುಬ್ಬು ಗಂಟಿಕ್ಕುವುದೋ ನಮ್ಮ ವಾಚಕರಲ್ಲಿ ಅನೇಕರಿಗೆ ಪರಿಚಿತವಾದ ಅನುಭವ. ಒಂದು ದೇಶದ ರಸ್ತೆ, ಸೇತುವೆ, ಕೊಳಾಯಿ, ಚರಂಡಿಗಳಿಗೂ ಇಂತಹದೇ ಪಟ್ಟಿಯನ್ನು ಬರೆದು ಪ್ರಜೆಗಳ ಕೈಗೆ ಕೊಡುವ ಪದ್ಧತಿಯೊಂದು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿದೆ. ಬರೆಯುವವರು ಆ ದೇಶದ ಸಿವಿಲ್ ಇಂಜಿನಿಯರುಗಳು. 1852ರಲ್ಲಿ ಸ್ಥಾಪಿತವಾದ ಅವರ ಸಂಘವು 1998ರಲ್ಲಿ ಮೊದಲ ಪಟ್ಟಿಯನ್ನು ಪ್ರಕಟಿಸಿತು. ‘ಎ’ ಎಂದರೆ ಅತ್ಯುತ್ತಮ, ‘ಎಫ್’ ಎಂದರೆ ಅನುತ್ತೀರ್ಣ ಎಂಬ ಕ್ರಮದಲ್ಲಿ ಅಷ್ಟು ಸಿರಿವಂತ ದೇಶಕ್ಕೆ ದೊರೆತ ದರ್ಜೆಯು ‘ಡಿ’. ಮುಂದೆ ಸುಮಾರು ಇಪ್ಪತ್ತು ವರ್ಷ ಅದು ‘ಡಿ’, ‘ಡಿ ಪ್ಲಸ್’ಗಳ ನಡುವೆಯೇ ತೊಳಲಾಡಿತು. 2021ರಲ್ಲಿ ‘ಸಿ ಮೈನಸ್’ ಆಯಿತು, 2025ರಲ್ಲಿ ‘ಸಿ’. ಎಲ್ಲವನ್ನೂ ಸರಿಯಾದ ಸ್ಥಿತಿಗೆ ತರಲು ಹತ್ತು ವರ್ಷಗಳಲ್ಲಿ ಬೇಕಾದ ಹಣಕ್ಕೂ ದೊರೆಯಬಹುದಾದ ಹಣಕ್ಕೂ ಇರುವ ಅಂತರವು 3,70,000 ಕೋಟಿ ಡಾಲರುಗಳೆಂದು ಆ ಪಟ್ಟಿಯು ಹೇಳುತ್ತದೆ.

ಇದನ್ನು ಓದಿದ ಗೃಹಸ್ಥನಿಗೆ ಒಂದು ಸಂಶಯವು ಬಾರದೆ ಇರದು. ಬಾಗಿಲು ಇನ್ನೆಷ್ಟು ದಿನ ಬಾಳೀತೆಂದು ಬಡಗಿಯನ್ನು ಕೇಳಿದರೆ, ಹೊಸದನ್ನೇ ಮಾಡಿಸಿರೆಂದು ಆತನು ಹೇಳುವುದು ಸಹಜವಷ್ಟೆ. ಸೇತುವೆ ಕಟ್ಟುವುದರಿಂದ ಜೀವಿಸುವವರೇ ಸೇತುವೆಗಳು ಸಾಲವೆಂದರೆ ನಂಬುವುದು ಹೇಗೆ? ಈ ಆಕ್ಷೇಪವನ್ನು ಆ ದೇಶದಲ್ಲಿಯೂ ಹಲವರು ಎತ್ತಿದ್ದಾರೆ. ಇದು ತಳ್ಳಿಹಾಕತಕ್ಕ ಮಾತಲ್ಲವೆಂದೇ ನಾವೂ ಎಣಿಸುತ್ತೇವೆ. ಆದರೆ ಅಲ್ಲಿ ಬಿದ್ದ ಎರಡು ಸೇತುವೆಗಳ ವೃತ್ತಾಂತವನ್ನು ಒತ್ತಟ್ಟಿಗೆ ಇಟ್ಟು ನೋಡಿದರೆ, ಇಂಜಿನಿಯರರ ಮಾತಿನಲ್ಲಿ ಎಷ್ಟನ್ನು ನಂಬಬೇಕೆಂಬುದು ಸ್ವಲ್ಪ ತಿಳಿಯಾಗುತ್ತದೆ.

ಮೊದಲನೆಯದು ಮಿನ್ನಿಯಾಪೊಲಿಸ್ ನಗರದಲ್ಲಿ ಮಿಸಿಸಿಪಿ ನದಿಯನ್ನು ದಾಟುತ್ತಿದ್ದ, 1967ರಲ್ಲಿ ಸಂಚಾರಕ್ಕೆ ತೆರೆದ ಹೆದ್ದಾರಿಯ ಸೇತುವೆ. 2007ನೆಯ ಆಗಸ್ಟ್ 1ರಂದು ಸಂಜೆ, ಜನರು ಕೆಲಸ ತೀರಿಸಿ ಮನೆಗೆ ಹೊರಟಿದ್ದ ವೇಳೆಯಲ್ಲಿ, ಅದು ವಾಹನಗಳ ಸಮೇತ ಕುಸಿಯಿತು. 13 ಮಂದಿ ಸತ್ತರು; 145 ಮಂದಿ ಗಾಯಗೊಂಡರು. ಮಕ್ಕಳಿಂದ ತುಂಬಿದ ಬಸ್ಸೊಂದು ಕುಸಿದ ಭಾಗದ ಅಂಚಿನ ಕಂಬಿಗೆ ಒರಗಿ ನಿಂತಿತು. ಅದರಲ್ಲಿದ್ದವರೆಲ್ಲರೂ ಬದುಕಿದರು. ಹಣ ಕೊಡದೆ ಹೋದುದರ ಫಲವಿದೆಂದು ದೇಶವೆಲ್ಲಾ ಕೂಗಿತು. ವಿಚಾರಣೆ ಮುಗಿದಾಗ ತಿಳಿದುಬಂದ ಸಂಗತಿಯೇ ಬೇರೆ. ಉಕ್ಕಿನ ತೊಲೆಗಳು ಕೂಡುವೆಡೆಯಲ್ಲಿ ಅವುಗಳನ್ನು ಬಂಧಿಸುವ ತಗಡುಗಳಲ್ಲಿ ಕೆಲವು ಇರಬೇಕಾದ ದಪ್ಪದಲ್ಲಿ ಸುಮಾರು ಅರ್ಧದಷ್ಟೇ ಇದ್ದುವು. ನಲವತ್ತು ವರ್ಷಗಳ ಹಿಂದೆ ನಕ್ಷೆ ಬರೆದವರ ಲೆಕ್ಕದಲ್ಲಿ ಆದ ತಪ್ಪು ಅದು! ಕಾಲಕಾಲಕ್ಕೆ ಸೇತುವೆಯ ಮೇಲ್ಮೈಗೆ ಸೇರಿಸಿದ ಭಾರ, ಅಂದು ರಿಪೇರಿಗಾಗಿಯೇ ತಂದು ರಾಶಿ ಹಾಕಿದ್ದ ಮರಳು, ಜಲ್ಲಿ, ಯಂತ್ರಗಳ ಭಾರ ಇವೆಲ್ಲವೂ ಕೂಡಿ ಆ ತಗಡುಗಳು ಸೋತುವು. ಸೇತುವೆಗೆ ತುಕ್ಕು ಹಿಡಿದಿದ್ದುದು ನಿಜ, ಅದನ್ನು ದೋಷವುಳ್ಳದ್ದೆಂದು ದಾಖಲೆಯಲ್ಲಿ ಬರೆದಿದ್ದುದೂ ನಿಜ. ಆದರೆ ಕೆಡವಿದ್ದು ತುಕ್ಕಲ್ಲ, ಇಂಜಿನಿಯರನ ಲೇಖನಿ. ಹಣ ಬೇಡುವವರು ಈ ಸೇತುವೆಯ ಹೆಸರನ್ನು ಎತ್ತುವಾಗ ಇಷ್ಟನ್ನೂ ಹೇಳುವುದು ನ್ಯಾಯ.

ಎರಡನೆಯದು ಪಿಟ್ಸ್‌ಬರ್ಗ್ ನಗರದ ಉದ್ಯಾನವೊಂದರ ಕಣಿವೆಯ ಮೇಲಿದ್ದ ಫರ್ನ್ ಹಾಲೋ ಸೇತುವೆ. 2021ನೆಯ ನವೆಂಬರ್ 15ರಂದು ರಸ್ತೆ, ಸೇತುವೆ ಮೊದಲಾದವುಗಳಿಗೆ ಐದು ವರ್ಷಗಳಲ್ಲಿ 55,000 ಕೋಟಿ ಡಾಲರುಗಳನ್ನು ಹೊಸದಾಗಿ ಒದಗಿಸುವ ಶಾಸನಕ್ಕೆ ಅಧ್ಯಕ್ಷ ಬೈಡನ್ ಸಹಿ ಹಾಕಿದ್ದರು. 2022ನೆಯ ಜನವರಿ 28ರಂದು ಅದೇ ವಿಷಯವಾಗಿ ಮಾತನಾಡಲು ಅವರು ಪಿಟ್ಸ್‌ಬರ್ಗಿಗೆ ಬರುವವರಿದ್ದರು. ಅಂದು ಮುಂಜಾನೆಯೇ ಸೇತುವೆಯು ಒಂದು ಬಸ್ಸನ್ನೂ ಕೆಲವು ಮೋಟಾರುಗಳನ್ನೂ ಹೊತ್ತು ಕಣಿವೆಗೆ ಬಿತ್ತು. ಕಥೆಗಾರನು ಬರೆದಿದ್ದರೆ ಇಷ್ಟು ಹೊಂದಿಕೆಯನ್ನು ಯಾರೂ ಒಪ್ಪುತ್ತಿರಲಿಲ್ಲ. ಪುಣ್ಯವಶಾತ್ ಯಾರೂ ಸಾಯಲಿಲ್ಲ.

ಇದರ ಕಾರಣವು ನಮ್ಮ ಗೃಹಿಣಿಯರಿಗೆ ಚೆನ್ನಾಗಿ ಅರ್ಥವಾಗತಕ್ಕದ್ದು. ಆ ಸೇತುವೆಯ ಉಕ್ಕು ಬಣ್ಣ ಬೇಡದ ಜಾತಿಯದು. ಗಾಳಿಗೆ ತೆರೆದಿಟ್ಟರೆ ಅದರ ಮೈಮೇಲೆ ತೆಳುವಾದ ತುಕ್ಕಿನ ಪೊರೆಯೊಂದು ಕಟ್ಟಿಕೊಂಡು, ಅದೇ ಕವಚವಾಗಿ ಒಳಗಿನ ಲೋಹವನ್ನು ಕಾಯುತ್ತದೆ. ಆದರೆ ಮೈ ಆಗಾಗ ಒಣಗಬೇಕು. ಪಿಟ್ಸ್‌ಬರ್ಗಿನಲ್ಲಿ ಮೇಲಣ ನೀರು ಹರಿದುಹೋಗುವ ತೂಬುಗಳು ಕಸದಿಂದ ಕಟ್ಟಿಕೊಂಡಿದ್ದುವು. ನೀರು ಸೇತುವೆಯ ಕಾಲುಗಳ ಮೇಲೆ ಇಳಿದು, ಕಸದೊಡನೆ ಅಲ್ಲಿಯೇ ನಿಂತು, ಪೊರೆ ಕಟ್ಟಗೊಡದೆ ಉಕ್ಕನ್ನು ತಿಂದು ತೂತು ಮಾಡಿತು. ಪರೀಕ್ಷಕರು ಇದನ್ನು ಕಂಡಿದ್ದರು; ತೂಬುಗಳನ್ನು ಬಿಡಿಸಿ, ಕಸ ತೆಗೆಸಿ, ಸವೆದ ಭಾಗಗಳನ್ನು ಸರಿಪಡಿಸಿರೆಂದು ಪುನಃ ಪುನಃ ಬರೆದಿದ್ದರು. ಬರೆದದ್ದು ಕಡತದಲ್ಲಿ ಉಳಿಯಿತು. ಬಿದ್ದ ಸೇತುವೆಯ ಸ್ಥಳದಲ್ಲಿ ಹೊಸದು ಎದ್ದು ಅದೇ ವರ್ಷ ಡಿಸೆಂಬರಿನಲ್ಲಿ ಸಂಚಾರಕ್ಕೆ ತೆರೆಯಿತು. ತೂಬಿಗೆ ದೊರೆಯದ ಹಣವು ಸೇತುವೆಗೆ ದೊರೆಯಿತು!

ಬಡಗಿಯ ವಿಷಯದಲ್ಲಿ ನಾವು ಪಟ್ಟ ಸಂಶಯಕ್ಕೆ ಇಲ್ಲಿ ಉತ್ತರವಿದೆ. ಹೊಸ ಬಾಗಿಲನ್ನು ಹೊಗಳುವ ಬಡಗಿಯನ್ನು ಸಂಶಯಿಸಬಹುದು; ಹಳೆಯ ಬಾಗಿಲಿಗೆ ನೀರು ತಾಗದಂತೆ ನೋಡಿಕೊಳ್ಳಿರೆನ್ನುವ ಬಡಗಿಗೆ ಅದರಿಂದ ಬರುವ ಲಾಭವೇನು? ಪಿಟ್ಸ್‌ಬರ್ಗಿನ ಪರೀಕ್ಷಕರು ಕೇಳಿದ್ದು ಕೀರ್ತಿ ತರುವ ಕಟ್ಟಡವನ್ನಲ್ಲ, ಗುದ್ದಲಿ ಹಿಡಿದ ನಾಲ್ಕು ಆಳುಗಳನ್ನು.

ನಮ್ಮ ಹಿಂದಿನವರಿಗೆ ಈ ಭೇದವು ತಿಳಿದಿತ್ತೆಂದು ಶಾಸನಗಳಿಂದ ಕಾಣುತ್ತದೆ. ಕನ್ನಡ ನಾಡಿನ ಅರಸರೂ ಊರವರೂ ಕೆರೆಯನ್ನು ಕಟ್ಟಿಸಿ ಕೈ ತೊಳೆದುಕೊಳ್ಳದೆ, ಅದರ ಹೂಳು ಹೊರುವ ಬಂಡಿಗಾಗಿ, ಏರಿಯ ರಕ್ಷಣೆಗಾಗಿ ಭೂಮಿಯನ್ನು ಬಿಟ್ಟುಕೊಟ್ಟ ಉದಾಹರಣೆಗಳು ಹಲವಿವೆ. ಅಮೆರಿಕದವರೂ ಇಂತಹದೊಂದು ಏರ್ಪಾಡನ್ನು ಮಾಡಿಕೊಂಡರು. ಹೆದ್ದಾರಿಗಳಿಗೆಂದು 1956ರಲ್ಲಿ ಪ್ರತ್ಯೇಕ ನಿಧಿಯನ್ನು ಸ್ಥಾಪಿಸಿ, ಪೆಟ್ರೋಲಿನ ಮೇಲಣ ಸುಂಕವನ್ನು ಅದಕ್ಕೆ ಒಪ್ಪಿಸಿದರು. ಒಂದು ಗ್ಯಾಲನ್ನಿಗೆ ಇಷ್ಟೆಂದು ಗೊತ್ತುಮಾಡಿದ ಈ ಸುಂಕವು 1993ರಲ್ಲಿ 18.4 ಸೆಂಟ್ ಆಯಿತು. ಆ ಮೇಲೆ ಮೂವತ್ತು ವರ್ಷ ಕಳೆದರೂ ಅದನ್ನು ಏರಿಸುವ ಧೈರ್ಯವು ಯಾವ ಪಕ್ಷಕ್ಕೂ ಬರಲಿಲ್ಲ. ಅಕ್ಕಿ ಬೇಳೆಯ ಬೆಲೆ ಏರುತ್ತಿರುವಾಗ ಮೂವತ್ತು ವರ್ಷ ಒಂದೇ ಸಂಬಳದಲ್ಲಿ ಸಂಸಾರ ನಡೆಸಿರೆಂದರೆ ನಮ್ಮ ವಾಚಕರು ಏನೆಂದಾರು? 2008ರಿಂದ ಈಚೆಗೆ ಆ ನಿಧಿಗೆ ಸಾಮಾನ್ಯ ಬೊಕ್ಕಸದಿಂದ ಹಣ ಸುರಿಯಬೇಕಾಗಿ ಬಂದಿದೆ.

2025ರ ಪಟ್ಟಿಯಲ್ಲಿ ಬಂದರುಗಳಿಗೆ ‘ಬಿ’ ದರ್ಜೆಯೂ ಸೇತುವೆಗಳಿಗೆ ‘ಸಿ’ ದರ್ಜೆಯೂ ದೊರೆತಿವೆ. ಮಳೆಯ ನೀರನ್ನು ಸಾಗಿಸುವ ಚರಂಡಿಗಳಿಗೆ ದೊರೆತದ್ದು ‘ಡಿ’.