‘ಕೊಡ್ತೀವಿ ಸರ್’ಗೆ ಇಂಗ್ಲಿಷ್‌ನಲ್ಲಿ ಎಷ್ಟು ರೂಪ?

‘ನಾಳೆ ರಿಪೋರ್ಟ್ ಕೊಡ್ತೀವಿ ಸರ್.’ ಪ್ರಾಜೆಕ್ಟ್ ಗೈಡ್‌ಗೆ ನಾವೆಲ್ಲ ಹೇಳೋ ಮಾತು. ಅದು ಆಗಷ್ಟೇ ಹೊಳೆದದ್ದೋ, ಮೊದಲೇ ಗೊತ್ತುಮಾಡಿಕೊಂಡದ್ದೋ, ನಮ್ಮ ‘ಕೊಡ್ತೀವಿ’ ಬಿಟ್ಟುಕೊಡೋದಿಲ್ಲ. ಇಂಗ್ಲಿಷ್‌ನಲ್ಲಿ ಸಾಮಾನ್ಯವಾಗಿ ಅದು ಗೊತ್ತಾಗುತ್ತೆ. ಮಾತಾಡುವಾಗಲೇ ತೀರ್ಮಾನಿಸಿದರೆ ‘ವಿಲ್’. ಮನಸ್ಸಲ್ಲಿ ಮೊದಲೇ ಇದ್ದರೆ ‘ಗೋಯಿಂಗ್ ಟು’. ಎದುರಿನವರ ಜೊತೆ ದಿನ, ಹೊತ್ತು ನಿಗದಿಯಾಗಿದ್ದರೆ ‘ವಿ ಆರ್ ಮೀಟಿಂಗ್ ಹಿಮ್ ಟುಮಾರೋ’. ಮೇಲಿನವರ ಆದೇಶವಾದರೆ ‘ವಿ ಆರ್ ಟು ರಿಪೋರ್ಟ್ ಅಟ್ ನೈನ್’.

ಹಾಗಾದರೆ ಕನ್ನಡ ಅಡ್ಡಿಯಾ? ಖಂಡಿತ ಅಲ್ಲ. ‘ಮಸ್ಟ್ ನಾಟ್’, ‘ಡೋಂಟ್ ಹ್ಯಾವ್ ಟು’ ಎರಡೂ ಒಂದೇ ಅಂದುಕೊಳ್ಳೋರು ಬಹಳ. ಮೊದಲನೆಯದು ‘ಮಾಡಕೂಡದು’, ಎರಡನೆಯದು ‘ಮಾಡಬೇಕಿಲ್ಲ’. ಕನ್ನಡದಲ್ಲಿ ಇವೆರಡನ್ನು ಯಾರೂ ಅದಲುಬದಲು ಮಾಡೋದಿಲ್ಲ!

ಇದು ಬರೀ ಮಾರ್ಕ್ಸ್ ವಿಷಯವೂ ಅಲ್ಲ. ಇಂಟರ್ನೆಟ್ ಮಾನದಂಡಗಳಲ್ಲಿ ಇಂಥ ಪದಗಳ ಅರ್ಥವನ್ನು 1997ರ ಆರ್‌ಎಫ್‌ಸಿ 2119 ಗೆರೆ ಎಳೆದು ಹೇಳಿದೆ. ‘ಮಸ್ಟ್’ ಅಂದರೆ ಮಾಡಲೇಬೇಕು. ‘ಶುಡ್’ ಅಂದರೆ ತಕ್ಕ ಕಾರಣವಿದ್ದರೆ, ಪರಿಣಾಮ ತೂಗಿನೋಡಿ, ಬಿಡಬಹುದು. ‘ಮೇ’ ಅಂದರೆ ನಮ್ಮಿಷ್ಟ. ಒಂದನ್ನು ಇನ್ನೊಂದಾಗಿ ಓದಿಕೊಂಡು ಕೋಡ್ ಬರೆದರೆ ಎರಡು ಸಿಸ್ಟಂಗಳು ಪರಸ್ಪರ ಮಾತಾಡದೇ ಹೋಗಬಹುದು.

ಆದ್ದರಿಂದ ನಮ್ಮ ವಾದ ಇಷ್ಟೇ: ಇಂಗ್ಲಿಷ್ ಕ್ಲಾಸಲ್ಲಿ ಟೆನ್ಸ್ ಟೇಬಲ್ ಉರುಹೊಡೆಸೋದು ಸಾಕು. ತೀರ್ಮಾನ ಯಾರದ್ದು, ಯಾವಾಗಿನದ್ದು, ತಪ್ಪಿಸೋಕೆ ಆಗುತ್ತಾ ಅಂತ ಕನ್ನಡದಲ್ಲೇ ಕೇಳಲಿ. ಕನ್ನಡ ಮೀಡಿಯಂನಿಂದ ಬಂದು ಹಿಂದಿನ ಬೆಂಚಲ್ಲಿ ಸುಮ್ಮನೆ ಕೂತಿರೋರಿಗೆ ಈ ಉತ್ತರ ಆಗಲೇ ಗೊತ್ತಿದೆ.